ಎರಡು ಬಿಳಿಗಳಲ್ಲಿ ಯಾವುದು?

ಬೇಸಿಗೆ ರಜೆಯಲ್ಲಿ ಶಾಲೆಯ ಕೊಠಡಿಗೆ ಬಣ್ಣ ಹಚ್ಚಿಸಬೇಕಾಗಿದೆ ಎಂದುಕೊಳ್ಳಿ. ಬೈಲಹೊಂಗಲದ ಪೇಟೆಯ ಅಂಗಡಿಯಲ್ಲಿ ನಿಮ್ಮ ಮುಂದೆ ಎರಡು ಮಾದರಿ ಚೀಟಿಗಳಿವೆ: ಒಂದು ಕೆನೆಬಿಳಿ, ಇನ್ನೊಂದು ಬೂದುಬಿಳಿ. ಟ್ಯೂಬ್‌ಲೈಟಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. 'ಯಾವುದಾದರೇನು?' ಎನ್ನುವ ಮುನ್ನ ಒಂದು ಸರಳ ಲೆಕ್ಕ ಮಾಡೋಣ.

ಕೆನೆಬಿಳಿಯು ಕೆಂಪು ಬೆಳಕಿನ ಶೇ. 80 ಭಾಗವನ್ನೂ ನೀಲಿ ಬೆಳಕಿನ ಶೇ. 70 ಭಾಗವನ್ನೂ ಪ್ರತಿಫಲಿಸುತ್ತದೆ ಎಂದಿಟ್ಟುಕೊಳ್ಳಿ. ಬೂದುಬಿಳಿ ಎರಡನ್ನೂ ಶೇ. 70ರಷ್ಟು ಪ್ರತಿಫಲಿಸಲಿ. ಚೀಟಿಯಿಂದ ಬೆಳಕು ಒಮ್ಮೆ ಪ್ರತಿಫಲಿಸಿ ಕಣ್ಣು ಸೇರುತ್ತದೆ. ಕೊಠಡಿಯಲ್ಲಾದರೋ ಗೋಡೆಯಿಂದ ಗೋಡೆಗೆ ಹಲವು ಸಲ ಪ್ರತಿಫಲಿಸುತ್ತದೆ. ಮೂರನೆಯ ಪ್ರತಿಫಲನದ ನಂತರ ಕೆನೆಬಿಳಿ ಗೋಡೆಯಲ್ಲಿ ಕೆಂಪು ಶೇ. 51 ಉಳಿದರೆ ನೀಲಿ ಶೇ. 34 ಮಾತ್ರ. ಚೀಟಿಯಲ್ಲಿ ಕಾಣದ ಹಳದಿ ಛಾಯೆ ಗೋಡೆಯಲ್ಲಿ ಎದ್ದು ಕಾಣಲು ಇದೇ ಕಾರಣ. ಬೂದುಬಿಳಿ ಗೋಡೆಯ ಛಾಯೆ ಬದಲಾಗದು; ಆದರೆ ಎರಡೂ ಶೇ. 34ಕ್ಕೆ ಇಳಿಯುವುದರಿಂದ ಕೊಠಡಿಯಲ್ಲಿ ಒಟ್ಟು ಬೆಳಕು ಕಡಿಮೆ.

ಬಿಳುಪು ಬೇರೆ, ಬೆಳಕು ಬೇರೆ. ನಮ್ಮ ಹಿರಿಯರು ಸುಣ್ಣಕ್ಕೆ ತುಸು ನೀಲಿ ಬೆರೆಸುತ್ತಿದ್ದುದನ್ನು ನೆನೆಯಿರಿ. ಆ ನೀಲಿ ಕೆಂಪು, ಹಳದಿ ಬೆಳಕನ್ನು ಸ್ವಲ್ಪ ಹೀರಿಕೊಂಡು ಸುಣ್ಣದ ಹಳದಿ ಛಾಯೆಯನ್ನು ಮರೆಸುತ್ತದೆ. ಗೋಡೆ ಹೆಚ್ಚು ಬೆಳ್ಳಗೆ ಕಾಣುತ್ತದೆ. ವಾಸ್ತವವಾಗಿ ಪ್ರತಿಫಲಿಸುವ ಬೆಳಕು ತುಸು ಕಡಿಮೆಯಾಗಿರುತ್ತದೆ!

ಒಳಗೆ ಬರುವ ಬೆಳಕೂ ಎಲ್ಲೆಡೆ ಒಂದೇ ಅಲ್ಲ. ರಾಮದುರ್ಗ, ಸವದತ್ತಿ ಕಡೆ ಕೆಂಪು ಛಾಯೆಯ ಮರಳುಗಲ್ಲು ಹಾಸಿದ ಅಂಗಳವಿದ್ದರೆ ಅದು ಕಿಟಕಿಯೊಳಕ್ಕೆ ಕೆಂಪುಮಿಶ್ರಿತ ಬೆಳಕನ್ನು ಕಳಿಸುತ್ತದೆ. ಬೈಲಹೊಂಗಲದ ಎರೆಭೂಮಿ ಬಹುಪಾಲು ಬೆಳಕನ್ನು ಹೀರಿಕೊಳ್ಳುತ್ತದೆ. ಕಿತ್ತೂರಿನ ಮಳೆಗಾಲದಲ್ಲಿ ಮೋಡದಿಂದ ಚದುರಿದ ಮಂದ ಬೆಳಕೇ ಆಧಾರ. ಇದಲ್ಲದೆ, ಒಂದು ದೀಪದಡಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಇನ್ನೊಂದರಡಿ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಾಮೆರಿಸಮ್ ಎಂದು ಹೆಸರು. 2700 ಕೆಲ್ವಿನ್‌ನ ಎಲ್‌ಇಡಿ ದೀಪದ ಬೆಳಕು ಹಳದಿಯತ್ತ ವಾಲಿದ್ದರೆ 6500 ಕೆಲ್ವಿನ್‌ನದು ಹಗಲಿನ ಬೆಳಕಿಗೆ ಹತ್ತಿರ.

ಆದ್ದರಿಂದ ಅಂಗಡಿಯಲ್ಲೇ ನಿರ್ಧರಿಸಬೇಡಿ. ಸುಮಾರು ಎರಡು ಅಡಿ ಚೌಕದ ಎರಡು ರಟ್ಟುಗಳಿಗೆ ಒಂದೊಂದು ಬಣ್ಣವನ್ನು ಎರಡು ಸಲ ಬಳಿದು ಒಣಗಿಸಿ. ಸುತ್ತಲಿನ ಹಳೆಯ ಬಣ್ಣ ಕಣ್ಣನ್ನು ಮೋಸಗೊಳಿಸದಂತೆ ಅಂಚಿಗೆ ಬಿಳಿ ಕಾಗದ ಅಂಟಿಸಿ. ಕಿಟಕಿಯ ಎದುರಿಗೂ ಹಿಂದಿನ ಮೂಲೆಗೂ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತು ದೀಪದ ಬೆಳಕಿನಲ್ಲಿ ವಿದ್ಯಾರ್ಥಿಗಳಿಂದಲೇ ಹೋಲಿಕೆ ಮಾಡಿಸಿ. ಇದು ಖರ್ಚಿಲ್ಲದ ಒಳ್ಳೆಯ ಪ್ರಯೋಗವೂ ಹೌದು.

ಬಿಸಿಲು ಧಾರಾಳವಾಗಿ ಬರುವ ಕೊಠಡಿಗೆ ಬೂದುಬಿಳಿ ಸಾಕು. ಕಿಟಕಿ ಕಡಿಮೆ ಇದ್ದರೆ ಹಳದಿ ಛಾಯೆಯನ್ನು ಒಪ್ಪಿಕೊಂಡಾದರೂ ಕೆನೆಬಿಳಿಯನ್ನೇ ಆರಿಸಿ. ವಿದ್ಯುತ್ ಹೋದ ಮಧ್ಯಾಹ್ನ ಕೊನೆಯ ಬೆಂಚಿನ ಮಗುವಿಗೆ ಪುಸ್ತಕದ ಅಕ್ಷರ ಕಾಣಬೇಕಲ್ಲವೇ?