ಬೀಡಿ ಕಟ್ಟುವ ಜಗಲಿಯಲ್ಲಿ

ಆಟಿ ತಿಂಗಳ ಮಳೆ ಬಂಟ್ವಾಳ, ಬೆಳ್ತಂಗಡಿ ಕಡೆಯ ಹಂಚಿನ ಮನೆಗಳ ಮೇಲೆ ಬಿಡದೆ ಸುರಿಯುವ ದಿನಗಳಲ್ಲಿ, ಮಧ್ಯಾಹ್ನದ ಗಂಜಿ ಉಂಡಾದ ಮೇಲೆ ಜಗಲಿಗಳು ತುಂಬಿಕೊಳ್ಳುತ್ತವೆ. ಅತ್ತೆ, ಸೊಸೆ, ಪಕ್ಕದ ಮನೆಯ ಅಕ್ಕ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಗೆರಸೆ. ಗೆರಸೆಯ ಒಂದು ಬದಿಯಲ್ಲಿ ಕತ್ತರಿಸಿಟ್ಟ ಎಲೆ, ನಡುವೆ ಹೊಗೆಸೊಪ್ಪಿನ ಹುಡಿ, ಅಂಚಿನಲ್ಲಿ ನೂಲಿನ ಉಂಡೆ. ಮಾತು ಊರಿನದ್ದು, ಮಕ್ಕಳದ್ದು, ಮುಂದಿನ ತಿಂಗಳು ಬರುವ ಹಬ್ಬದ್ದು. ಬೆರಳುಗಳು ಮಾತ್ರ ಆ ಮಾತಿಗೆಲ್ಲ ಕಿವಿಗೊಡದೆ ತಮ್ಮ ಪಾಡಿಗೆ ನಡೆಯುತ್ತಿರುತ್ತವೆ.

ಆ ಬೆರಳುಗಳನ್ನು ಹತ್ತಿರದಿಂದ ನೋಡಬೇಕು. ಎಡಗೈಯಲ್ಲಿ ಎಲೆಯ ತುಂಡು, ಅದರ ಉದ್ದಕ್ಕೆ ಒಂದು ಚಿಟಿಕೆ ಹುಡಿ. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಸೇರಿ ಉರುಳಿಸಿದರೆ ಎಲೆ ಬಿಗಿಯಾಗಿ ಸುರುಟಿಕೊಳ್ಳುತ್ತದೆ. ಒಂದು ತುದಿ ಸಪೂರ, ಇನ್ನೊಂದು ಸ್ವಲ್ಪ ಅಗಲ. ಅಗಲದ ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿ, ಸಪೂರದ ಕಡೆ ನೂಲು ಸುತ್ತಿ, ಜಗ್ಗಿ ಕಡಿದರೆ ಒಂದು ಬೀಡಿ. ಹುಡಿ ಹೆಚ್ಚಾದರೆ ಎಲೆ ಒಡೆಯುತ್ತದೆ, ಕಡಿಮೆಯಾದರೆ ಬೀಡಿ ಸೊರಗುತ್ತದೆ. ಎಲೆ ಒಣಗಿದ್ದರೆ ಬಿರಿಯುತ್ತದೆ, ಹಸಿಯಾಗಿದ್ದರೆ ಬಿಗಿ ನಿಲ್ಲುವುದಿಲ್ಲ. ಹೀಗೆ ಒಂದು ಸಾವಿರ ಆಗಬೇಕು. ಬೆಳಗಿನ ಅಡುಗೆ, ದನಕ್ಕೆ ಹುಲ್ಲು, ಮಕ್ಕಳ ಶಾಲೆ ಎಲ್ಲದರ ನಡುವೆ ಬಿಡುವಿದ್ದಾಗಲೆಲ್ಲ ಕಟ್ಟಿ, ರಾತ್ರಿಯ ಊಟದ ನಂತರವೂ ಲೈಟಿನ ಕೆಳಗೆ ಕೂತರೆ ಆ ಸಾವಿರ ಮುಗಿಯುತ್ತದೆ.

"ಎಲೆ ಈ ಸಲ ಏನೂ ಒಳ್ಳೆದಿಲ್ಲ ಅತ್ತೆ, ಬರೀ ತೂತು. ಸಾವಿರಕ್ಕೆ ಸಾಲ್ಲಿಕ್ಕಿಲ್ಲ."

"ಕಮ್ಮಿ ಬಿದ್ದದ್ದನ್ನು ಕ್ರಯಕ್ಕೆ ತಕ್ಕೊಂಡು ಭರ್ತಿ ಮಾಡುವುದು, ಬೇರೆಂತ ಮಾಡುದು?"

ಇಷ್ಟೇ ಮಾತು. ಆದರೆ ಇಡೀ ಉದ್ಯಮದ ಲೆಕ್ಕಾಚಾರ ಇದರಲ್ಲಿದೆ. ಬೀಡಿ ಎಲೆ ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾದ ಕಾಡುಗಳಿಂದ ಬರುತ್ತದೆ. ಹೊಗೆಸೊಪ್ಪು ನಿಪ್ಪಾಣಿ, ಗುಜರಾತಿನ ಹೊಲಗಳದ್ದು. ಕಂಪೆನಿ ಇವನ್ನು ಕಂಟ್ರಾಕ್ಟರಿಗೆ ತೂಗಿ ಕೊಡುತ್ತದೆ, ಕಂಟ್ರಾಕ್ಟರ್ ಊರಿನ ಬ್ರಾಂಚಿನಲ್ಲಿ ಹೆಂಗಸರಿಗೆ ತೂಗಿ ಕೊಡುತ್ತಾನೆ. ಸಾವಿರಕ್ಕೆ ಇಷ್ಟು ಎಲೆ, ಇಷ್ಟು ಹುಡಿ. ಎಲೆ ಕೆಟ್ಟದಿದ್ದರೆ ಅದರ ನಷ್ಟ ಗೆರಸೆ ಹಿಡಿದವಳ ಪಾಲಿಗೆ.

ಸಂಜೆ ಬ್ರಾಂಚಿನ ಮುಂದೆ ಕೊಡೆಗಳ ಸಾಲು. ಪ್ಲಾಸ್ಟಿಕ್ ಹಾಳೆ ಸುತ್ತಿದ ಬೀಡಿಯ ಕಟ್ಟನ್ನು ಎದೆಗವಚಿಕೊಂಡು ಬಂದವರು ಮೇಜಿನ ಮುಂದೆ ನಿಲ್ಲುತ್ತಾರೆ. ನೋಡುವವನು ಕಟ್ಟೊಂದನ್ನು ಎತ್ತಿ, ಬೆರಳಲ್ಲಿ ಒತ್ತಿ, ಒಂದೆರಡನ್ನು ಬಿಡಿಸಿ ನೋಡಿ, ಬೇಡವಾದದ್ದನ್ನು ಬದಿಗೆ ಎಸೆಯುತ್ತಾನೆ. ಉಳಿದದ್ದರ ಲೆಕ್ಕ ಪಾಸ್‌ಬುಕ್ಕಿಗೆ ಏರುತ್ತದೆ. ಮೂಲೆ ಮಡಚಿದ, ಹೊಗೆಸೊಪ್ಪಿನ ವಾಸನೆ ಹಿಡಿದ ಆ ಪುಟ್ಟ ಪುಸ್ತಕವನ್ನು ಅವಳು ಸೆರಗಿನಲ್ಲಿ ಒರಸಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ನಾನು ಹೇಳಹೊರಟಿರುವುದು ಆ ಪುಸ್ತಕದ ಕಥೆಯನ್ನು. ಮನೆಯ ಜಗಲಿಯಲ್ಲಿ ಕೂತು ದುಡಿಯುವ ಹೆಂಗಸನ್ನು ಈ ದೇಶ 'ಕಾರ್ಮಿಕಳು' ಎಂದು ಒಪ್ಪಿಕೊಂಡದ್ದಕ್ಕೆ ಅದೇ ಸಾಕ್ಷಿ.

ಆ ಒಪ್ಪಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದದ್ದು 1966ರಲ್ಲಿ. ಕಂಟ್ರಾಕ್ಟರನ್ನು ಮುಂದಿಟ್ಟು ಕಂಪೆನಿ ಕೈತೊಳೆದುಕೊಳ್ಳುವಂತಿಲ್ಲ, ಕೊನೆಯ ಹೊಣೆ ಮೂಲ ಮಾಲೀಕನದ್ದೇ ಎಂದು ಅದು ಹೇಳಿತು. ಅದರ ಕೆಳಗೆ ಮೈಸೂರು ರಾಜ್ಯ ಮಾಡಿದ ನಿಯಮಗಳು, ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಹೆಚ್ಚು ಬೀಡಿಯನ್ನು ತಿರಸ್ಕರಿಸುವಂತಿಲ್ಲ ಎಂದು ಮಿತಿ ಹಾಕಿದವು. ಬೀಡಿ ಕಂಪೆನಿಗಳು ಕಾಯ್ದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣವೆಂದೇ ಹೆಸರಾದ ಆ ವ್ಯಾಜ್ಯದಲ್ಲಿ 1974ರಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು.

ಭವಿಷ್ಯನಿಧಿಯ ಕಥೆಯೂ ಹೀಗೆಯೇ. 1977ರಲ್ಲಿ ಸರಕಾರ ಬೀಡಿ ಉದ್ಯಮವನ್ನು ಪಿ.ಎಫ್. ವ್ಯಾಪ್ತಿಗೆ ತಂದಾಗ, ಮನೆಯಲ್ಲಿ ಕೂತು ಕಟ್ಟುವವರು ನಮ್ಮ ನೌಕರರೇ ಅಲ್ಲ ಎಂಬ ವಾದ ಹುಟ್ಟಿತು. ಅವರ ಮೇಲೆ ಮೇಲ್ವಿಚಾರಣೆ ಇಲ್ಲ, ಹಾಜರಿ ಇಲ್ಲ, ಹೊತ್ತುಗೊತ್ತಿಲ್ಲ ಎಂದರು ಮಾಲೀಕರು. 1985ರ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕಟ್ಟಿ ತಂದ ಬೀಡಿಯನ್ನು ಪರೀಕ್ಷಿಸಿ, ಸರಿಯಿಲ್ಲದ್ದನ್ನು ತಿರಸ್ಕರಿಸುವ ಅಧಿಕಾರ ಮಾಲೀಕನ ಕೈಯಲ್ಲಿ ಇದೆಯಲ್ಲ, ಅದೇ ಮೇಲ್ವಿಚಾರಣೆ ಎಂದಿತು. ಬ್ರಾಂಚಿನ ಮೇಜಿನಿಂದ ಬದಿಗೆ ಎಸೆಯಲ್ಪಡುವ ಬೀಡಿಯೇ ಹೆಂಗಸರ ಪರವಾಗಿ ಸಾಕ್ಷಿ ನುಡಿದಂತಾಯಿತು.

ಕರಾವಳಿಯ ಎಷ್ಟೋ ಮನೆಗಳ ಚರಿತ್ರೆಯನ್ನು ಈ ಪಾಸ್‌ಬುಕ್ಕೇ ಬರೆದಿದೆ. ಗೇಣಿಯ ಹೊಲ ಸಾಲದೆ ಹೋದಾಗ ಅಕ್ಕಿ ತಂದದ್ದು ಬೀಡಿಯ ದುಡ್ಡು. ಮಗಳ ಕಾಲೇಜಿನ ಫೀಸು, ಮಗನ ಐಟಿಐ, ಮಳೆಗಾಲಕ್ಕೆ ಮುಂಚೆ ಬದಲಿಸಿದ ಹಂಚು, ಕೊರಳಿನ ಒಂದೆಳೆ ಕರಿಮಣಿ, ಎಲ್ಲವೂ ಸಾವಿರ ಸಾವಿರವಾಗಿ ಕಟ್ಟಿದ್ದರ ಫಲ. ವರ್ಷದ ಬೋನಸ್ ಬಂದ ವಾರ ಪೇಟೆಯ ಜವಳಿ ಅಂಗಡಿಗಳಿಗೆ ಕಳೆ ಬರುತ್ತದೆ. ಗಂಡನ ಮುಂದೆ ಕೈಚಾಚದೆ ತನ್ನ ಹೆಸರಿನ ಬ್ಯಾಂಕ್ ಖಾತೆ ನಡೆಸಿದ ಹೆಂಗಸರ ಒಂದು ತಲೆಮಾರೇ ಇಲ್ಲಿದೆ. ಅವರ ಧೈರ್ಯದ ಹಿಂದೆ ಪಿ.ಎಫ್. ಇತ್ತು ಎಂಬುದನ್ನು ಮರೆಯಬಾರದು.

ಇದರ ಜೊತೆಗೆ ಇನ್ನೊಂದು ಆಸರೆಯೂ ಇತ್ತು. 1976ರಲ್ಲಿ ಸಂಸತ್ತು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆಯನ್ನೂ ಅದಕ್ಕೆ ಹಣ ತರುವ ಸೆಸ್ ಕಾಯ್ದೆಯನ್ನೂ ಒಟ್ಟಿಗೆ ಮಾಡಿತು. ತಯಾರಾದ ಪ್ರತಿ ಸಾವಿರ ಬೀಡಿಯ ಮೇಲೆ ಒಂದಿಷ್ಟು ಸೆಸ್. ಕೊನೆಯ ವರ್ಷಗಳಲ್ಲಿ ಅದು 5 ರೂಪಾಯಿ. ಆ ಹಣದಿಂದ ದವಾಖಾನೆಗಳು, ಮನೆ ಕಟ್ಟಲು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ. ಮೈಸೂರಿನಲ್ಲಿ ಬೀಡಿ ಕಾರ್ಮಿಕರಿಗೆಂದೇ ಕೇಂದ್ರ ಸರಕಾರದ ಆಸ್ಪತ್ರೆ. ಬೀಡಿ ಯಾರ ಕೈಯಿಂದ ಹುಟ್ಟುತ್ತದೋ ಅವರ ಆರೋಗ್ಯಕ್ಕೆ ಆ ಬೀಡಿಯೇ ಹಣ ಕೊಡಬೇಕೆಂಬ ನೇರವಾದ, ನ್ಯಾಯವಾದ ಏರ್ಪಾಡು ಅದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ವಿದ್ಯಾರ್ಥಿವೇತನದಂಥ ಯೋಜನೆಗಳು ಬಜೆಟ್ಟಿನ ಹಣದಲ್ಲಿ ಮುಂದುವರಿದವು. ಆದರೆ 'ಇದು ನಮ್ಮ ದುಡಿಮೆಯಿಂದ ಬಂದ, ನಮಗೇ ಮೀಸಲಾದ ನಿಧಿ' ಎಂದು ಹೇಳಿಕೊಳ್ಳುವ ಹಕ್ಕು ಕಾರ್ಮಿಕರ ಕೈತಪ್ಪಿತು.

ಈಗ ಜಗಲಿ ದಾಟಿ ಮನೆಯೊಳಗೆ ಹೋಗೋಣ. ಮಳೆಗಾಲದಲ್ಲಿ ಬೀಡಿ ಬೂಷ್ಟು ಹಿಡಿಯುತ್ತದೆಂದು ಕಟ್ಟುಗಳನ್ನು ಒಲೆಯ ಹತ್ತಿರ ಬೆಚ್ಚಗಿಡುತ್ತಾರೆ. ಹುಡಿಯ ಡಬ್ಬ ಅಕ್ಕಿಯ ಡಬ್ಬದ ಬದಿಯಲ್ಲೇ ಇರುತ್ತದೆ. ಫ್ಯಾನು ಹಾಕಿದರೆ ಹುಡಿ ಹಾರುತ್ತದೆಂದು ಸೆಕೆಯಲ್ಲೂ ಫ್ಯಾನು ಬಂದ್. ಆದರೂ ಹುಡಿ ಹಾರದೆ ಇರುವುದಿಲ್ಲ. ಮೂಗಿಗೆ, ಕಣ್ಣಿಗೆ, ಮಗ್ಗುಲಲ್ಲಿ ಮಲಗಿದ ಮಗುವಿನ ಉಸಿರಿಗೆ ಸೇರುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುವಂಥದ್ದು. ಬೆರಳ ತುದಿ ಹಳದಿಗಟ್ಟಿ ಗಡುಸಾಗುತ್ತದೆ. ಬಾಗಿ ಬಾಗಿ ಕುತ್ತಿಗೆ, ಸೊಂಟ, ಮೊಣಕಾಲು ಸೋಲುತ್ತವೆ. ಬಿಡದ ಕೆಮ್ಮು, ದಮ್ಮು ವಯಸ್ಸಿನ ಲೆಕ್ಕಕ್ಕೆ ಹೋಗುತ್ತದೆ. "ಪ್ರಾಯ ಆಯ್ತಲ್ಲ, ಇನ್ನು ಹೀಗೆಯೇ" ಎಂದು ಅವರೇ ಹೇಳಿಬಿಡುತ್ತಾರೆ. ಅದು ವಯಸ್ಸಿನ ತಪ್ಪಲ್ಲ, ದುಡಿಮೆಯ ಗಾಯ ಎಂದು ಹೇಳಿ ದಾಖಲಿಸುವವರು ಜಗಲಿಯವರೆಗೆ ಬರುವುದಿಲ್ಲ.

1966ರ ಕಾಯ್ದೆ ಬೀಡಿ ಕಟ್ಟುವ ಜಾಗ ಚೊಕ್ಕಟವಾಗಿರಬೇಕು, ಗಾಳಿ ಬೆಳಕು ಬೇಕು, ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುವಿಹಾರ ಬೇಕು ಎಂದೆಲ್ಲ ವಿಧಿಸಿತ್ತು. ಆದರೆ ಅವೆಲ್ಲ ಕಾರ್ಖಾನೆಯ ಕಟ್ಟಡಕ್ಕೆ. ಕೆಲಸ ಮನೆಮನೆಗೆ ಹಂಚಿಹೋದಾಗ ಗಾಳಿ ಬೆಳಕಿನ ಹೊಣೆ ಮಾಲೀಕನ ಹೆಗಲಿನಿಂದ ಜಾರಿತು. ಕೂಲಿಯ ಕಾನೂನು, ಪಿ.ಎಫ್. ಕಾನೂನು ಹೊಸ್ತಿಲು ದಾಟಿ ಒಳಗೆ ಬಂದವು. ಸುರಕ್ಷತೆಯ ಕಾನೂನು ಅಂಗಳದಲ್ಲೇ ಉಳಿಯಿತು. ದೇಶದಲ್ಲಿ ನೋಂದಾಯಿತರಾದ ಬೀಡಿ ಕಾರ್ಮಿಕರು ಸುಮಾರು 50 ಲಕ್ಷ, ಅವರಲ್ಲಿ ಹೆಚ್ಚಿನವರು ಹೆಂಗಸರು, ಮನೆಯಲ್ಲೇ ಕಟ್ಟುವವರು. ಅಷ್ಟು ಜನರ ಉಸಿರು ಕಾನೂನಿನ ಕಣ್ಣಿಗೆ ಬೀಳದೆ ಹೋಯಿತು.

ಬೀಡಿಯ ಇನ್ನೊಂದು ತುದಿಯನ್ನೂ ನೋಡಬೇಕು. ಅದು ಹೊತ್ತಿಕೊಳ್ಳುವುದು ಗಾರೆ ಕೆಲಸದವನ, ಹಮಾಲಿಯ, ರಿಕ್ಷಾ ಓಡಿಸುವವನ ತುಟಿಯಲ್ಲಿ. ಎಲೆಯಲ್ಲಿ ಸುತ್ತಿದ್ದು, ಕಾಗದದ ಸಿಗರೇಟಿನಷ್ಟು ಕೆಡುಕಲ್ಲ ಎಂಬ ನಂಬಿಕೆ ಈಗಲೂ ಇದೆ. ಅದು ಸುಳ್ಳು. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೆ ಬೀಡಿಯೂ ಕಾರಣ. ಅಂದರೆ ಒಬ್ಬ ಬಡ ಕಾರ್ಮಿಕಳ ಶ್ವಾಸಕೋಶದ ಮೂಲಕ ಹಾದು ಬಂದ ವಸ್ತು ಇನ್ನೊಬ್ಬ ಬಡ ಕಾರ್ಮಿಕನ ಶ್ವಾಸಕೋಶವನ್ನು ಸೇರುತ್ತದೆ. ಇಬ್ಬರೂ ಇದೇ ದೇಶದ ರಕ್ಷಣೆಗೆ ಹಕ್ಕುದಾರರು.

2003ರ ತಂಬಾಕು ನಿಯಂತ್ರಣ ಕಾಯ್ದೆ ಸಾರ್ವಜನಿಕ ಆರೋಗ್ಯದ ಪರವಾಗಿ ನಿಂತಿತು. 2016ರ ಏಪ್ರಿಲ್‌ನಿಂದ ಪೊಟ್ಟಣದ ಮುಖ್ಯ ಬದಿಗಳ ಶೇ. 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿತು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು; 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಚಿತ್ರ ಉಳಿಯಿತು. ಪ್ರತಿ ಸಲ ಇಂಥ ನಿಯಂತ್ರಣ ಬಂದಾಗಲೂ ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡನ್ನು ಮುಂದಿಟ್ಟು ವಿರೋಧ ನಡೆದಿದೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ಮೇಲಿನ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿದ್ದು ಕೂಡ ಉದ್ಯಮಕ್ಕೆ ಆಸರೆಯಾಗಿಯೇ. ಆದರೆ ತೆರಿಗೆ ಇಳಿದ ಮಾತ್ರಕ್ಕೆ ಜಗಲಿಯ ಹುಡಿ ಕಡಿಮೆಯಾಗುವುದಿಲ್ಲ. ಸೇದುವವರ ಆರೋಗ್ಯವನ್ನು ಕಟ್ಟುವವರ ಅನ್ನಕ್ಕೆ ಎದುರಾಳಿಯಾಗಿ ನಿಲ್ಲಿಸುವುದು ಇಬ್ಬರಿಗೂ ಮಾಡುವ ಅನ್ಯಾಯ.

ಬೇರೆ ದಾರಿ ಇದೆ ಎನ್ನುವುದಕ್ಕೆ ಗಡಿಯಾಚೆಯ ಕಣ್ಣೂರನ್ನು ನೋಡಿದರೆ ಸಾಕು. 1966ರ ಕಾಯ್ದೆಯನ್ನು ಕೇರಳ ಜಾರಿಗೆ ತಂದಾಗ ಮಂಗಳೂರಿನ ಖಾಸಗಿ ಬೀಡಿ ಕಂಪೆನಿ ಅಲ್ಲಿನ ಶಾಖೆಗಳನ್ನು ಮುಚ್ಚಿತು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. 1969ರಲ್ಲಿ ಜಿ.ಕೆ. ಪಣಿಕ್ಕರ್ ಮುಂದಾಳುತನದಲ್ಲಿ ಕಾರ್ಮಿಕರೇ ಸೇರಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಗಾಳಿ ಬೆಳಕಿನ ಶೆಡ್ಡುಗಳಲ್ಲಿ ಸಾಲಾಗಿ ಕೂತು ಬೀಡಿ ಕಟ್ಟುವವರ ನಡುವೆ ಒಬ್ಬರು ಪೇಪರು ಓದಿ ಹೇಳುವ ರೂಢಿ ಅಲ್ಲಿತ್ತು. ಬೀಡಿಗೆ ಬೇಡಿಕೆ ಇಳಿಯತೊಡಗಿದಾಗ ಆ ಸಂಘ ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪುಗಳ ತಯಾರಿಕೆಗೆ ಕೈಹಾಕಿತು. ಬೀಡಿಯ ದಿನ ಮುಗಿದರೂ ಕಾರ್ಮಿಕರ ದಿನ ಮುಗಿಯಬೇಕಿಲ್ಲ ಎಂದು ತೋರಿಸಿತು.

ನಮ್ಮ ಕಡೆಯ ಬ್ರಾಂಚುಗಳಲ್ಲೂ ಈಗ ವಾರದ ಎಲ್ಲ ದಿನ ಎಲೆ ಸಿಗುವುದಿಲ್ಲ. ಹೊಸ ಹುಡುಗಿಯರು ಗೆರಸೆ ಹಿಡಿಯುತ್ತಿಲ್ಲ. ಅವರು ಬಟ್ಟೆ ಅಂಗಡಿಗೆ, ಗೇರುಬೀಜದ ಕಾರ್ಖಾನೆಗೆ, ನರ್ಸಿಂಗ್ ಓದಿಗೆ ಹೋಗುತ್ತಿದ್ದಾರೆ. ಅವರ ಅಮ್ಮಂದಿರಿಗೆ ಹೋಗಲಿಕ್ಕೆ ಬೇರೆ ಜಾಗ ಇಲ್ಲ. ಐವತ್ತು ದಾಟಿದ, ಬೇರೆ ಕಸುಬು ಕಲಿಯದ, ಸೊಂಟ ಸೋತ ಆ ಹೆಂಗಸರ ಮುಂದಿರುವುದು ಪಿ.ಎಫ್. ಪಿಂಚಣಿ. ಅದರ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ಒಬ್ಬಳ ಅಕ್ಕಿ, ಗ್ಯಾಸು, ಮದ್ದು ಇಷ್ಟರಲ್ಲಿ ಆಗಬೇಕು.

ನಮ್ಮ ಸಂವಿಧಾನದ 39ನೇ ವಿಧಿ ದುಡಿಯುವ ಗಂಡಸು ಹೆಂಗಸರ ಆರೋಗ್ಯ, ಶಕ್ತಿ ದುರ್ಬಳಕೆಯಾಗಬಾರದು ಎನ್ನುತ್ತದೆ. 42ನೇ ವಿಧಿ ಮಾನವೀಯವಾದ ದುಡಿಮೆಯ ಸ್ಥಿತಿಯನ್ನು ಕೇಳುತ್ತದೆ. 47ನೇ ವಿಧಿ ಸಾರ್ವಜನಿಕ ಆರೋಗ್ಯವನ್ನು ಸರಕಾರದ ಮೊದಲ ಕರ್ತವ್ಯಗಳಲ್ಲಿ ಇಡುತ್ತದೆ. ಭಾರತ 2004ರಲ್ಲಿ ಅನುಮೋದಿಸಿದ ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದ, ತಂಬಾಕಿನ ಕೆಲಸಗಾರರಿಗೆ ಬದಲಿ ಜೀವನೋಪಾಯ ಒದಗಿಸುವುದನ್ನೂ ಬೆಂಬಲಿಸಬೇಕೆಂದು ಹೇಳುತ್ತದೆ. ಈ ಎಲ್ಲ ಮಾತುಗಳೂ ಒಂದೇ ಜಗಲಿಯಲ್ಲಿ ಪರೀಕ್ಷೆಗೆ ಒಳಗಾಗುತ್ತವೆ.

1966ರ ಆ ಕಾಯ್ದೆ ಈಗ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲಿ ಲೀನವಾಗಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಗೊತ್ತುಪಡಿಸಿದ ವಯಸ್ಸಿನ ಕಾರ್ಮಿಕರಿಗೆ ಮಾಲೀಕನೇ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆ ಮಾಡಿಸಬೇಕೆಂದು ಅದರಲ್ಲಿದೆ. ಆ ತಪಾಸಣೆ ಪಾಸ್‌ಬುಕ್ ಇರುವ ಪ್ರತಿಯೊಬ್ಬ ಹೆಂಗಸಿಗೂ, ಅವಳ ಊರಿನಲ್ಲೇ ಸಿಗಬೇಕು. ಬೀಡಿಯಿಂದ ಬರುವ ತೆರಿಗೆಯಲ್ಲಿ ಒಂದು ಪಾಲು ಮತ್ತೆ ಅವಳ ದವಾಖಾನೆಗೆ, ಪಿಂಚಣಿಗೆ, ಹೊಸ ಕಸುಬಿಗೆ ಮೀಸಲಾಗಬೇಕು. ಮನೆಯಲ್ಲಿ ಕೂತು ದುಡಿದರೂ ಅವಳು ನೌಕರಳೇ ಎಂದು ನ್ಯಾಯಾಲಯ ಹೇಳಿ ನಾಲ್ಕು ದಶಕ ದಾಟಿದೆ. ಅವಳ ಕೂಲಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ದೇಶ, ಅವಳು ಬದುಕಿರುವಾಗಲೇ ಅವಳ ಉಸಿರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.