ಸೆರೆಮನೆಗಳ ಸುಧಾರಣೆಯೂ ಕ್ರೈಸ್ತ ಸಂಘಗಳೂ

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1972ನೆಯ ಇಸವಿಯಲ್ಲಿ ಸೆರೆಮನೆ ಸೇರಿದ್ದ ಶಿಕ್ಷಿತರು ಸುಮಾರು 2 ಲಕ್ಷ ಮಂದಿ. 2009ರ ವೇಳೆಗೆ ಈ ಸಂಖ್ಯೆ 16 ಲಕ್ಷಕ್ಕೇರಿತು. ಆ ಬಳಿಕ ಅದು ಇಳಿಮುಖವಾಗಿ 2022ರ ಕೊನೆಗೆ 12 ಲಕ್ಷದ ಸುಮಾರಿಗೆ ಬಂದಿತೆಂಬುದು ನಿಜ. ಆದರೂ ಐವತ್ತು ವರ್ಷಗಳಲ್ಲಿ ಆರು ಮಡಿಯಾದ ಈ ಲೆಕ್ಕವನ್ನು ಕಂಡು ಆ ದೇಶದ ವಿವೇಕಿಗಳು ಚಿಂತೆಗೀಡಾಗಿರುವುದು ಸಹಜವೇ ಆಗಿದೆ. ಈ ಕೈದಿಗಳಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಹೆಚ್ಚಿನವರು ಇರುವುದು ಕೇಂದ್ರ ಸರ್ಕಾರದ ವಶದಲ್ಲಲ್ಲ. ಟೆಕ್ಸಸ್, ಲೂಯಿಸಿಯಾನ ಮೊದಲಾದ ಸಂಸ್ಥಾನಗಳ ವಶದಲ್ಲಿ. ಆದುದರಿಂದ ಅಲ್ಲಿ ಸೆರೆಮನೆಯ ಸುಧಾರಣೆಯೆಂಬುದು ಒಂದೊಂದು ಸಂಸ್ಥಾನದ ಶಾಸನಸಭೆಯಲ್ಲಿಯೂ ಬೇರೆಬೇರೆಯಾಗಿ ಸಾಧಿಸಬೇಕಾದ ಕಾರ್ಯವಾಗಿದೆ. ಈ ಕಾರ್ಯದಲ್ಲಿ ಕ್ರೈಸ್ತ ಸಂಘಗಳು ಮಾಡಿರುವುದೇನು, ಮಾಡಬಾರದುದೇನು ಎಂಬುದನ್ನು ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಸೆರೆಯಲ್ಲಿರುವವನನ್ನು ಹೋಗಿ ಕಾಣುವುದು ಕ್ರೈಸ್ತನ ಕರ್ತವ್ಯಗಳಲ್ಲೊಂದೆಂದು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವು ಸಾರುತ್ತದೆ. ಈ ಕರ್ತವ್ಯಬುದ್ಧಿಯಿಂದಲೇ 1787ರಲ್ಲಿ ಫಿಲಡೆಲ್ಫಿಯ ಪಟ್ಟಣದ ಕ್ವೇಕರರೂ ಇತರ ಸಜ್ಜನರೂ ಕೂಡಿ ಸೆರೆಯಾಳುಗಳ ಕಷ್ಟನಿವಾರಣೆಗಾಗಿ ಒಂದು ಸಂಘವನ್ನು ಕಟ್ಟಿದರು. ಚಾವಟಿಯ ಏಟು, ಬೀದಿಯಲ್ಲಿ ಮಾಡುವ ಮಾನಭಂಗ ಇವುಗಳಿಗೆ ಬದಲಾಗಿ ಕೈದಿಯನ್ನು ಒಂಟಿ ಕೋಣೆಯಲ್ಲಿಟ್ಟು, ಕೈಗೊಂದು ಬೈಬಲನ್ನೂ ಒಂದಿಷ್ಟು ಕೆಲಸವನ್ನೂ ಕೊಟ್ಟರೆ ಅವನ ಅಂತರಾತ್ಮವೇ ಅವನನ್ನು ತಿದ್ದುವುದೆಂದು ಅವರು ನಂಬಿದರು. 1829ರಲ್ಲಿ ಅದೇ ಪಟ್ಟಣದಲ್ಲಿ ಈ ತತ್ತ್ವದ ಮೇಲೆ ‘ಈಸ್ಟರ್ನ್ ಸ್ಟೇಟ್’ ಎಂಬ ದೊಡ್ಡ ಬಂದೀಖಾನೆಯು ತೆರೆಯಲ್ಪಟ್ಟಿತು. 1842ರಲ್ಲಿ ಅದನ್ನು ಸಂದರ್ಶಿಸಿದ ಆಂಗ್ಲ ಕಾದಂಬರಿಕಾರ ಚಾರಲ್ಸ್ ಡಿಕನ್ಸರು, ಮನುಷ್ಯನ ಮುಖವನ್ನೇ ಕಾಣದೆ ವರ್ಷಗಟ್ಟಲೆ ಕೊಳೆಯುವ ಆ ಶಿಕ್ಷೆಯು ದೇಹದಂಡನೆಗಿಂತಲೂ ಘೋರವೆಂದು ಖಂಡಿಸಿದರು. ಉದ್ದೇಶವು ದಯೆಯಿಂದ ಹುಟ್ಟಿದ ಮಾತ್ರಕ್ಕೆ ಪರಿಣಾಮವೂ ದಯೆಯಾಗಿರಬೇಕೆಂಬ ನಿಯಮವಿಲ್ಲ. ಧರ್ಮಬುದ್ಧಿಯುಳ್ಳ ಸುಧಾರಕರು ಎಂದಿಗೂ ಮರೆಯಬಾರದ ಪಾಠವಿದು.

ಈಚಿನ ಕಾಲದ ಚಳವಳಿಯ ಮೂಲಪುರುಷರೆನ್ನಬಹುದಾದವರು ಚಾರಲ್ಸ್ ಕೋಲ್ಸನ್. ಅಧ್ಯಕ್ಷ ನಿಕ್ಸನ್ನರ ಆಪ್ತ ಸಲಹೆಗಾರರಾಗಿದ್ದ ಇವರು 1974ರಲ್ಲಿ ನ್ಯಾಯಕ್ಕೆ ಅಡ್ಡಿಮಾಡಿದ ಅಪರಾಧವನ್ನು ಒಪ್ಪಿಕೊಂಡು ಏಳು ತಿಂಗಳು ಸೆರೆವಾಸವನ್ನನುಭವಿಸಿದರು. ಹೊರಬಂದ ಮೇಲೆ 1976ರಲ್ಲಿ ‘ಪ್ರಿಸನ್ ಫೆಲೋಷಿಪ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲು ಅದರ ಕೆಲಸ ಪ್ರಾರ್ಥನೆ, ಬೋಧನೆ, ಕೈದಿಗಳ ಮಕ್ಕಳ ಯೋಗಕ್ಷೇಮ ಇಷ್ಟೇ ಆಗಿತ್ತು. ಆದರೆ ಒಳಗಿನ ಮನುಷ್ಯನನ್ನು ಸಂತೈಸುತ್ತ, ಅವನನ್ನು ಒಳಗೆ ತಳ್ಳಿದ ಕಾಯಿದೆಯ ವಿಷಯದಲ್ಲಿ ಮೌನವಾಗಿರುವುದು ಅರ್ಧ ಧರ್ಮವೆಂಬುದು ಬೇಗನೆ ಸ್ಪಷ್ಟವಾಯಿತು. 1983ರಲ್ಲಿ ಕಾಯಿದೆಗಳ ಸುಧಾರಣೆಗಾಗಿಯೇ ‘ಜಸ್ಟಿಸ್ ಫೆಲೋಷಿಪ್’ ಹುಟ್ಟಿತು. ಕೆಲವು ಕಾಲದ ಮೇಲೆ ಅದರ ನಾಯಕತ್ವವನ್ನು ವಹಿಸಿದ ಪ್ಯಾಟ್ ನೋಲನ್ನರೂ ಕ್ಯಾಲಿಫೋರ್ನಿಯದ ಶಾಸನಸಭೆಯಲ್ಲಿ ರಿಪಬ್ಲಿಕನ್ ಪಕ್ಷದ ಮುಖಂಡರಾಗಿದ್ದು, ಬಳಿಕ ತಾವೇ ಶಿಕ್ಷೆಗೊಳಗಾದವರು. ಕಾಯಿದೆ ಮಾಡುವವನಿಗೆ ಕಾಯಿದೆಯ ಏಟು ತಾಗಿದಾಗಲೇ ಅದರ ಭಾರ ತಿಳಿಯುವುದಾದರೆ ಅದು ಶೋಚನೀಯವೇ ಸರಿ. ಆದರೆ ತಿಳಿದ ಮೇಲೆ ಸುಮ್ಮನಿರಲಿಲ್ಲವೆಂಬುದು ಇವರಿಗೆ ಭೂಷಣ.

ಇಲ್ಲೊಂದು ಮಾತನ್ನು ನಿಷ್ಪಕ್ಷಪಾತವಾಗಿ ಹೇಳಬೇಕಾಗಿದೆ. ಸಂಸ್ಥಾನಗಳು ಮನಸ್ಸು ಬದಲಿಸಿದುದಕ್ಕೆ ಧರ್ಮೋಪದೇಶವೊಂದೇ ಕಾರಣವಲ್ಲ. ಖಜಾನೆಯ ಚಿಂತೆಯೂ ಕಾರಣ. 2007ರಲ್ಲಿ ಟೆಕ್ಸಸ್ ಸಂಸ್ಥಾನಕ್ಕೆ ಐದು ವರ್ಷಗಳೊಳಗೆ 17,000 ಕೈದಿಗಳಿಗೆ ಹೊಸದಾಗಿ ಸ್ಥಳ ಬೇಕಾಗುವುದೆಂದೂ, ಅದಕ್ಕೆ ಸುಮಾರು 200 ಕೋಟಿ ಡಾಲರು ಹಿಡಿಯುವುದೆಂದೂ ಅಂದಾಜಾಗಿತ್ತು. ರಿಪಬ್ಲಿಕನ್ ಪಕ್ಷದ ಜೆರಿ ಮ್ಯಾಡನ್ ಮತ್ತು ಡೆಮೊಕ್ರಾಟ್ ಪಕ್ಷದ ಜಾನ್ ವಿಟ್ಮೈರ್ ಇವರಿಬ್ಬರೂ ಕೈಗೂಡಿಸಿ, ಆ ಕಟ್ಟಡಗಳಿಗೆ ಬದಲಾಗಿ 24 ಕೋಟಿ ಡಾಲರನ್ನು ವ್ಯಸನಮುಕ್ತಿಯ ಚಿಕಿತ್ಸೆಗೂ, ಸೆರೆಯ ಹೊರಗಿನ ಮೇಲ್ವಿಚಾರಣೆಗೂ ತೆಗೆದಿರಿಸಿದರು. 2011ರಲ್ಲಿ ಆ ಸಂಸ್ಥಾನವು ತನ್ನ ಇತಿಹಾಸದಲ್ಲಿಯೇ ಮೊದಲನೆಯ ಸಲ ಒಂದು ಸೆರೆಮನೆಯನ್ನು ಮುಚ್ಚಿತು. ಕಠಿಣ ಶಿಕ್ಷೆಯೇ ರಾಜನೀತಿಯೆಂದು ನಂಬಿದ್ದ ಪಕ್ಷದವರಿಗೆ, ಕನಿಕರವು ದೌರ್ಬಲ್ಯವಲ್ಲವೆಂದು ಅವರದೇ ಮತದ ಭಾಷೆಯಲ್ಲಿ ಹೇಳಬಲ್ಲವರು ಬೇಕಾಗಿತ್ತು. ಕೋಲ್ಸನ್, ನೋಲನ್ ಇವರ ಉಪಯೋಗವು ಇಲ್ಲಿಯೇ.

ಅಪರಾಧಿಗೆ ಇಷ್ಟು ಕನಿಕರವಾದರೆ ಅವನಿಂದ ನೊಂದವರ ಗತಿಯೇನೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದು. 2000ನೆಯ ಇಸವಿಯಲ್ಲಿ ಅಮೇರಿಕದ ಕಥೋಲಿಕ ಬಿಷಪ್ಪರು ಹೊರಡಿಸಿದ ಹೇಳಿಕೆಯು ನೊಂದವರ ಹಕ್ಕನ್ನೂ ಅಪರಾಧಿಯ ಮನುಷ್ಯತ್ವವನ್ನೂ ಒಟ್ಟಿಗೇ ಎತ್ತಿಹಿಡಿಯಿತು. ಮುಂದೊಂದು ದಿನ ಬಿಡುಗಡೆಯಾಗಿ ಊರಿಗೆ ಮರಳುವವನನ್ನು ಬಂದಾಗಿನಕಿಂತ ಕೆಟ್ಟವನನ್ನಾಗಿ ಮಾಡಿ ಕಳುಹಿಸಿದರೆ ಯಾವ ನೊಂದ ಮನೆಗೂ ನ್ಯಾಯ ದೊರೆತಂತಾಗದು.

ಆದರೆ ಧರ್ಮವು ಸರ್ಕಾರದ ಹಣದಿಂದ ಸೆರೆಮನೆಯನ್ನು ಹೊಕ್ಕಾಗ ಏನಾಗುವುದೆಂಬುದಕ್ಕೆ ಅಯೋವ ಸಂಸ್ಥಾನದ ವ್ಯಾಜ್ಯವು ಸಾಕ್ಷಿ. ಪ್ರಿಸನ್ ಫೆಲೋಷಿಪ್ಪಿನವರು 1997ರಲ್ಲಿ ಟೆಕ್ಸಸ್ಸಿನಲ್ಲಿ ಆರಂಭಿಸಿದ ಬೈಬಲ್ ಆಧಾರದ ಶಿಕ್ಷಣಕ್ರಮವು ಅಯೋವಕ್ಕೂ ಹಬ್ಬಿತ್ತು; ಅಲ್ಲಿ ಅದರ ವೆಚ್ಚದ ಒಂದು ಭಾಗವು ಬೊಕ್ಕಸದಿಂದ ಸಲ್ಲುತ್ತಿತ್ತು. ಇದು ರಾಜ್ಯಾಂಗಕ್ಕೆ ವಿರುದ್ಧವೆಂದು 2006ರಲ್ಲಿ ನ್ಯಾಯಸ್ಥಾನವು ತೀರ್ಪಿತ್ತಿತು. 2007ರಲ್ಲಿ ಅಪೀಲು ನ್ಯಾಯಸ್ಥಾನವೂ ಮುಖ್ಯ ವಿಷಯದಲ್ಲಿ ಅದನ್ನೇ ಎತ್ತಿಹಿಡಿಯಿತು. ಈ ಶಿಕ್ಷಣಕ್ರಮದ ಫಲವೂ ವಿವಾದಕ್ಕೆಡೆಯಾಯಿತು. ಟೆಕ್ಸಸ್ಸಿನ ಬಗ್ಗೆ 2003ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಶಿಕ್ಷಣವನ್ನು ಮುಗಿಸಿದವರಲ್ಲಿ ಮರಳಿ ಸೆರೆಗೆ ಬಂದವರು ನೂರಕ್ಕೆ 8. ಅದಕ್ಕೆ ಸೇರದ ಇತರರಲ್ಲಿ ನೂರಕ್ಕೆ 20. ಆದರೆ ನಡುವೆ ಬಿಟ್ಟವರನ್ನೂ ಲೆಕ್ಕಕ್ಕೆ ಹಿಡಿದರೆ ಸೇರಿದವರೆಲ್ಲರಲ್ಲಿ ಈ ಪ್ರಮಾಣವು ನೂರಕ್ಕೆ 24. ದಡ ಮುಟ್ಟಿದವರನ್ನು ಮಾತ್ರ ಎಣಿಸಿ ದೋಣಿಯನ್ನು ಹೊಗಳುವುದು ಸರಿಯಾದ ಲೆಕ್ಕವಲ್ಲ.

ನಮ್ಮ ಅಭಿಪ್ರಾಯವು ಇದು. ಯಾವ ಮತದವರೇ ಆಗಲಿ ಸ್ವಂತ ಹಣದಿಂದ, ಕೈದಿಯು ಮನಸಾರ ಒಪ್ಪಿದಾಗ, ಅವನ ಬಳಿಗೆ ಹೋಗುವುದು ಪುಣ್ಯಕಾರ್ಯ. ಅದಕ್ಕೆ ಬಾಗಿಲು ತೆರೆದಿರಬೇಕು. ಆದರೆ ಸರ್ಕಾರವು ಕೊಡತಕ್ಕ ವಿದ್ಯೆ, ಚಿಕಿತ್ಸೆ, ಬಿಡುಗಡೆಯ ಅವಕಾಶ ಇವು ಪ್ರಾರ್ಥಿಸುವವನಿಗೂ ಪ್ರಾರ್ಥಿಸದವನಿಗೂ ಸಮನಾಗಿ ಸಲ್ಲಬೇಕು. ಸೆರೆಯೊಳಗಿನವನಿಗೆ ಬೇಡವೆನ್ನುವ ಸ್ವಾತಂತ್ರ್ಯವು ಅಲ್ಪ. ಆದುದರಿಂದಲೇ ಅವನ ನಂಬಿಕೆಯನ್ನು ಸವಲತ್ತಿನ ಬೆಲೆಯಾಗಿ ಕೇಳಕೂಡದು. ಈ ಸಂಸ್ಥೆಯೇ ಬೇರೆಡೆ ಇದಕ್ಕೊಪ್ಪುವ ಮಾರ್ಗವನ್ನು ತೋರಿಸಿದೆ. 1994ರಲ್ಲಿ ಕೈದಿಗಳಿಗೆ ನಿಂತುಹೋಗಿದ್ದ ಕಾಲೇಜು ವಿದ್ಯಾರ್ಥಿವೇತನವನ್ನು ಮತಭೇದವಿಲ್ಲದೆ ಮರಳಿ ಕೊಡಬೇಕೆಂದು ಅದು ವಾದಿಸಿತು. 2020ರ ಕಾಯಿದೆಯಂತೆ 2023ರಿಂದ ಅದು ಮತ್ತೆ ದೊರೆಯುವಂತಾಯಿತು.

ಕಾಯಿದೆಯೂ ಶಾಶ್ವತವಲ್ಲ. ಲೂಯಿಸಿಯಾನದಲ್ಲಿ 2017ರಲ್ಲಿ ಗವರ್ನರ್ ಎಡ್ವರ್ಡ್ಸರು ಶಿಕ್ಷೆಗಳನ್ನು ಸಡಿಲಿಸುವ ಕಾಯಿದೆಗಳಿಗೆ ಸಹಿ ಹಾಕಿದರು. 2024ರಲ್ಲಿ ಗವರ್ನರ್ ಲ್ಯಾಂಡ್ರಿಯವರ ಕಾಲಕ್ಕೆ, ಮುಂದೆ ಅಪರಾಧ ಮಾಡುವ ಬಹುಮಂದಿಗೆ ಪೆರೋಲೇ ಇಲ್ಲದಂತಾಯಿತು. ಇಬ್ಬರೂ ಕಥೋಲಿಕ ಮತದವರೇ. ಒಂದೇ ಗ್ರಂಥವನ್ನು ನಂಬಿದವರ ಕೈಯಿಂದ ಎರಡು ಬಗೆಯ ಶಾಸನಗಳು ಬರಬಹುದೆಂದ ಮೇಲೆ ಮತದ ಹೆಸರೊಂದೇ ಕೈದಿಗೆ ಆಶ್ರಯವಾಗದು. ಸೆರೆಮನೆಯ ಭೇಟಿಯು ಭಕ್ತರ ಕೆಲಸ. ಸೆರೆಮನೆಯ ನ್ಯಾಯವು ಪ್ರಜೆಗಳೆಲ್ಲರ ಹೊಣೆ. ಮೊದಲನೆಯದನ್ನು ಮಾಡುವವರು ಎರಡನೆಯದನ್ನು ಸಂಸ್ಥಾನಕ್ಕೆ ಬಿಡದೆ ನೆನಪಿಸುತ್ತಿದ್ದರೆ ಅದೇ ಅವರು ಮಾಡಬಹುದಾದ ದೊಡ್ಡ ಸೇವೆ.