ಗುಡಿಸುವ ರೋಬೋಗೆ ಮನೆಯಲ್ಲೇ ರಿಪೇರಿ

ಗೋವಿಂದರಾಜನಗರದ ಮನೆಗಳಲ್ಲೂ ಈಗ ಸೋಫಾದಡಿ ಗುಡಿಸುವ ರೋಬೋಗಳು ಓಡಾಡುತ್ತಿವೆ. ಹೀಗೆ ಓಡಾಡುತ್ತಿದ್ದದ್ದು ಒಂದು ದಿನ ನಿಂತುಹೋದರೆ, ಸರ್ವಿಸ್ ಸೆಂಟರಿಗೆ ಫೋನ್ ಮಾಡುವ ಮೊದಲು ಸ್ವಿಚ್ ಆಫ್ ಮಾಡಿ ಅಂಗಾತ ಮಲಗಿಸಿ ನೋಡಿ. ನಡುವಿನ ಬ್ರಷ್ಷಿನ ಎರಡೂ ತುದಿಗೆ ಉದ್ದ ಕೂದಲು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬ್ರಷ್ ತಿರುಗದೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ, ಸುಟ್ಟುಹೋಗದಿರಲಿ ಎಂದು ಯಂತ್ರ ತಾನೇ ನಿಲ್ಲುತ್ತದೆ. ಸಣ್ಣ ಕತ್ತರಿಯಿಂದ ಕೂದಲು ಬಿಡಿಸಿ. ಮುಂದಿನ ಪುಟ್ಟ ಚಕ್ರವನ್ನೂ ಮೆಲ್ಲಗೆ ಮೀಟಿ ತೆಗೆದು ಅದರ ಕಡ್ಡಿ ಒರೆಸಿ. ವಾರಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು. ಇಷ್ಟಕ್ಕೆ ಯಂತ್ರವನ್ನೇ ಎಕ್ಸ್‌ಚೇಂಜ್‌ಗೆ ಹಾಕುವುದು ಅನ್ಯಾಯ.

ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 2001ರಲ್ಲಿ, ಅಮೆರಿಕದ ಐರೋಬೋಟ್ 2002ರಲ್ಲಿ ಇಂಥ ಯಂತ್ರಗಳನ್ನು ಮಾರುಕಟ್ಟೆಗೆ ತಂದಾಗ ಅವರ ಕಣ್ಣ ಮುಂದೆ ಇದ್ದದ್ದು ಅಲ್ಲಿನ ಮನೆಗಳು. ನಮ್ಮ ಮನೆಯ ಧೂಳೇ ಬೇರೆ. ರಂಗೋಲಿ ಪುಡಿ, ಊದುಬತ್ತಿಯ ಬೂದಿ, ಮಾಗಡಿ ರಸ್ತೆಯಿಂದ ಕಿಟಕಿಗೆ ಬರುವ ನುಣುಪು ಮಣ್ಣು ಫಿಲ್ಟರಿನ ಮಡಿಕೆಗಳಲ್ಲಿ ತುಂಬಿ ಗಾಳಿಯ ದಾರಿ ಮುಚ್ಚುತ್ತವೆ. ಕಸ ಎಳೆಯುತ್ತಿಲ್ಲ ಎಂದರೆ ಮೋಟಾರಿಗಿಂತ ಮೊದಲು ಫಿಲ್ಟರನ್ನು ಅನುಮಾನಿಸಿ. ಅದನ್ನು ಮೆಲ್ಲಗೆ ತಟ್ಟಿ ಕೊಡವಿ. ತೊಳೆಯಬಹುದೆಂದು ಕಂಪನಿಯೇ ಹೇಳಿದ್ದರೆ ಮಾತ್ರ ತೊಳೆದು, ಒಂದು ಇಡೀ ದಿನ ನೆರಳಲ್ಲಿ ಒಣಗಿಸಿ. ಒದ್ದೆ ಫಿಲ್ಟರ್ ಹಾಕಿದರೆ ತೇವ ಮೋಟಾರಿಗೆ ಹೋಗುತ್ತದೆ. ದೇವರ ಮನೆಯ ಮುಂದಿನ ರಂಗೋಲಿಯನ್ನು ಪೊರಕೆಗೇ ಬಿಡುವುದು ಒಳ್ಳೆಯದು.

ಕಪ್ಪು ಗ್ರಾನೈಟ್ ಇನ್ನೊಂದು ತೊಡಕು. ಯಂತ್ರದ ಅಡಿಯ ಸೆನ್ಸರುಗಳು ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ನೆಲಕ್ಕೆ ತಾಗಿ ಮರಳುವುದನ್ನು ಕಾಯುತ್ತವೆ. ಕಪ್ಪು ಕಲ್ಲು ಆ ಬೆಳಕನ್ನು ನುಂಗಿದರೆ ಮುಂದೆ ಮೆಟ್ಟಿಲಿದೆ ಎಂದುಕೊಂಡು ರೋಬೋ ಹಿಂದೆ ಸರಿಯುತ್ತದೆ. ಸೆನ್ಸರಿಗೆ ಧೂಳು ಮೆತ್ತಿದರೂ ಹೀಗೇ ಆಗಬಹುದು, ಒಣ ಬಟ್ಟೆಯಲ್ಲಿ ಒರೆಸಿ. ಕೆಲವರು ಸೆನ್ಸರಿನ ಮೇಲೆ ಕಾಗದ ಅಂಟಿಸುತ್ತಾರೆ, ಡ್ಯೂಪ್ಲೆಕ್ಸ್ ಮನೆಯಲ್ಲಿ ಯಂತ್ರ ಮೆಟ್ಟಿಲಿಂದ ಉರುಳುವುದಕ್ಕೆ ಅದೇ ದಾರಿ. ನೆಲ ಒರೆಸುವ ಮಾದರಿಗಳ ಟ್ಯಾಂಕಿಗೆ ಬೋರ್‌ವೆಲ್ ನೀರು ಬೇಡ, ಉಪ್ಪು ಕಟ್ಟಿ ಸಣ್ಣ ತೂತುಗಳು ಮುಚ್ಚುತ್ತವೆ.

ಬಿಚ್ಚಲು ಭಯವಾದವರಿಗೆ ಜೊತೆ ಬೇಕು. ಮಾರ್ಟಿನ್ ಪೋಸ್ಟ್ಮಾ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುಮಾಡಿದ ರಿಪೇರ್ ಕೆಫೆ 2015ರಲ್ಲಿ ಬೆಂಗಳೂರಿಗೂ ಬಂತು. ಇಲ್ಲಿ ಅದನ್ನು ಕಟ್ಟಿದವರು ಅಂತರಾ ಮುಖರ್ಜಿ ಮತ್ತು ಪೂರ್ಣಾ ಸರ್ಕಾರ್. ಕೆಟ್ಟ ವಸ್ತುವನ್ನು ಕೊಟ್ಟು ಹೋಗುವುದಲ್ಲ, ಬಲ್ಲವರ ಪಕ್ಕ ಕೂತು ತಾವೇ ಸರಿಮಾಡಲು ಕಲಿಯುವುದು ಅಲ್ಲಿನ ಪದ್ಧತಿ. ಪ್ರತಿ ಬಡಾವಣೆಗೂ ಅಂಥದೊಂದು ಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಕಂಪನಿಗಳ ರಿಪೇರಿ ಮಾಹಿತಿಯನ್ನು ಒಂದೆಡೆ ಕೊಡಲು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಪೋರ್ಟಲ್ ತೆರೆದದ್ದೂ ಈ ದಿಕ್ಕಿನ ಹೆಜ್ಜೆ.

ಪೂರ್ತಿ ಚಾರ್ಜ್ ಆಗಿಯೂ ಹತ್ತು ನಿಮಿಷಕ್ಕೇ ವಾಪಸು ಬಂದರೆ ಬ್ಯಾಟರಿಗೆ ವಯಸ್ಸಾಗಿರಬಹುದು. ಆದರೂ ಮೊದಲು ಚಾರ್ಜಿಂಗ್ ಪಟ್ಟಿಗಳನ್ನು ಒರೆಸಿ ನೋಡಿ. ಅನೇಕ ಮಾದರಿಗಳಲ್ಲಿ ನಾಲ್ಕು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿದ 14.4 ವೋಲ್ಟಿನ ಪ್ಯಾಕ್ ಇರುತ್ತದೆ. ಒಂದೇ ಸೆಲ್ ಬದಲಿಸುವ ಸಾಹಸ ಬೇಡ. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳು ಹತ್ತಿರ. ಹಳೆಯ ಪ್ಯಾಕಿನ ಫೋಟೋ ಒಯ್ದು ಮಾಡೆಲ್, ವೋಲ್ಟೇಜ್, ಕನೆಕ್ಟರ್ ಮೂರನ್ನೂ ಹೋಲಿಸಿ ನೋಡಿ. ಊದಿಕೊಂಡ ಪ್ಯಾಕನ್ನು ಮತ್ತೆ ಚಾರ್ಜ್ ಮಾಡಬೇಡಿ, ಕಸದ ಆಟೋಗೂ ಹಾಕಬೇಡಿ. ಕಸ ಒತ್ತುವ ಲಾರಿಯಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. ಕನೆಕ್ಟರಿಗೆ ಟೇಪು ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.